ಕಾಯುವ ಬಲ

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಹಿಂದಿನ ಕಾಲದ ಸಾಮಾನ್ಯ ಜನ ಬರ ಬಂದಾಗ, ಊರಿಗೆ ಊರೇ ಗಾಬರಿ ಬಿದ್ದಾಗ ಹೇಗೆ ಬದುಕಿದರು ಎಂಬ ವಿಷಯದ ಮೇಲೆ ನಾಲ್ಕು ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಬರದ ಕತೆ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸೋದಕ್ಕೆ ನಾನು ಬಂದಿಲ್ಲ. ಹಿಂದಿನವರೆಲ್ಲ ಜಾಣರು, ನಾವೆಲ್ಲ ದಡ್ಡರು ಅಂತ ಹೇಳೋದಕ್ಕೂ ಬಂದಿಲ್ಲ. ನನಗಿರುವುದು ಒಂದೇ ಪ್ರಶ್ನೆ. ಅದೇ ಊರು, ಅದೇ ನೆಲ, ಕೈಕೊಟ್ಟ ಮಳೆಯೂ ಅದೇ. ಆದರೂ ಒಂದು ಮನೆ ಉಳಿಯಿತು, ಪಕ್ಕದ ಮನೆ ಅಳಿಯಿತು. ಯಾಕೆ? ಇದಕ್ಕೆ ಹಣೆಬರಹ ಅನ್ನುವ ಉತ್ತರ ಸಾಲದು. ಹಣೆಬರಹಕ್ಕಿಂತ ಬೇರೆ ಬರಹಗಳೂ ಇದ್ದವು, ಅವನ್ನು ಸಾಹುಕಾರನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದನ್ನೇ ಈಗ ನೋಡೋಣ.

ನಮ್ಮ ಕಡೆ ಮುದುಕರು ಕಾಲವನ್ನು ಎಣಿಸುವಾಗ "ಧಾತು ಈಶ್ವರದ ಬರ" ಎಂದು ಒಂದು ಗುರುತು ಹೇಳುತ್ತಿದ್ದರು. ಧಾತು ಸಂವತ್ಸರ ಅಂದರೆ 1876-77, ಈಶ್ವರ ಸಂವತ್ಸರ ಅಂದರೆ 1877-78. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 1877ರ ಮುಂಗಾರು ಕಾದು ಕಾದು ಕೊನೆಗೆ ಸೆಪ್ಟೆಂಬರ್ ಹೊತ್ತಿಗೆ ಬಿತ್ತು. ಅಷ್ಟರಲ್ಲಿ ಬಳ್ಳಾರಿ, ಕಲಾದಗಿ, ಧಾರವಾಡ, ಮೈಸೂರು ಸೀಮೆ, ಅತ್ತ ರಾಯಲಸೀಮೆ, ಇತ್ತ ಪುಣೆ, ಸೊಲ್ಲಾಪುರ, ಅಹಮದ್‌ನಗರ ಎಲ್ಲ ಬೆಂದು ಹೋಗಿದ್ದವು. ಮೈಸೂರು ಸಂಸ್ಥಾನದ ಲೆಕ್ಕ ನೋಡಿ. 1871ರ ಜನಗಣತಿಯಲ್ಲಿ 50,55,412 ಜನ ಇದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕವರು 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ 8 ಲಕ್ಷ 69 ಸಾವಿರ ಕುಗ್ಗಿತು. ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರು ಲೆಕ್ಕದಿಂದಲೇ ಮಾಯವಾದರು. ಆಗ ಸಂಸ್ಥಾನವನ್ನು ಆಳುತ್ತಿದ್ದದ್ದು ಇಂಗ್ಲಿಷ್ ಕಮಿಷನರು. ಆ ಬರದ ಸಾಲವನ್ನು ಹೊತ್ತುಕೊಂಡೇ 1881ರಲ್ಲಿ ಸಂಸ್ಥಾನ ಅರಸರ ಕೈಗೆ ಮರಳಿತು. ಅಂದರೆ ರೈತನಷ್ಟೇ ಅಲ್ಲ, ರಾಜ್ಯವೂ ಸಾಲಗಾರನಾಯಿತು.

ಇಂಥ ಕಾಲದಲ್ಲಿ ಜನ ಏನು ಮಾಡಿದರು?

ಮೊದಲನೆಯದು ಹಗೇವು. ಹಗೇವು ಅಂದರೆ ಏನು ಅಂತ ಇಲ್ಲಿ ಕೂತಿರುವ ಹಿರಿಯರಿಗೆ ಹೇಳಬೇಕಾಗಿಲ್ಲ, ಹುಡುಗರಿಗಾಗಿ ಹೇಳುತ್ತೇನೆ. ನೀರು ಬಸಿಯದ ಗಟ್ಟಿ ನೆಲ ನೋಡಿ ಗುಂಡಿ ತೋಡುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಬಾಯಿ ತೆರೆದು ಗಾಳಿಯಾಡಲು ಬಿಡಬೇಕು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಆತುರಪಟ್ಟು ಇಳಿದು ಸತ್ತವರೂ ಇದ್ದಾರೆ. ರಾಗಿಗೆ ಹುಳ ಸುಲಭವಾಗಿ ಹತ್ತುವುದಿಲ್ಲವಾದ್ದರಿಂದ ಹಗೇವಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತಿತ್ತು. ದಂಡು ಬಂದರೂ, ಕಳ್ಳ ಬಂದರೂ, ಕಂದಾಯದವನು ಬಂದರೂ ನೆಲದ ಮೇಲೆ ಏನೂ ಕಾಣದು.

ಹಗೇವನ್ನು ನಾವು ಬರೀ ಕಾಳಿಡುವ ಗುಂಡಿ ಅಂತ ತಿಳಿದಿದ್ದೇವೆ. ಅದು ಅಷ್ಟೇ ಅಲ್ಲ. ಅದು ರೈತನ ಕಾಯುವ ಬಲ. ಹಗೇವು ತುಂಬಿದವನು ಈ ವರ್ಷ ಬೆಲೆ ಇಲ್ಲವಾದರೆ ಮಾರದೆ ಇರಬಲ್ಲ. ಮಳೆ ಹೋದರೆ ಒಂದು ವರ್ಷ ತಡೆಯಬಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪದದ ಸುತ್ತಲೇ ಇದೆ: ಕಾಯುವುದು. ಗಾಬರಿಯ ಕಾಲದಲ್ಲಿ ಯಾರು ಕಾಯಬಲ್ಲರೋ ಅವರೇ ಬೆಲೆ ಕಟ್ಟುತ್ತಾರೆ. ಯಾರಿಗೆ ಕಾಯಲಾಗದೋ ಅವರು ಹೇಳಿದ ಬೆಲೆಗೆ ಕೊಳ್ಳುತ್ತಾರೆ, ಕೇಳಿದ ಬೆಲೆಗೆ ಮಾರುತ್ತಾರೆ.

ಎರಡನೆಯದು ಹೊಲದಲ್ಲೇ ಇತ್ತು. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರಲ್ಲ, ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು, ಅದು ಚಂದಕ್ಕಾಗಿ ಅಲ್ಲ. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗಬಹುದು, ಇನ್ನೊಂದು ಉಳಿಯುತ್ತದೆ. ಎಲ್ಲ ದುಡ್ಡನ್ನೂ ಒಂದೇ ಕುದುರೆಯ ಬಾಲಕ್ಕೆ ಕಟ್ಟುವ ಬುದ್ಧಿ ನಮ್ಮ ಒಣಭೂಮಿಯ ರೈತನಿಗೆ ಇರಲಿಲ್ಲ. ಅದನ್ನು ಅವನಿಗೆ ಕಲಿಸಿದ್ದು ಪೇಟೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೂರನೆಯದು ಕಾಡು ಮತ್ತು ನಡಿಗೆ. ಹಸಿವಿನಲ್ಲಿ ಜನ ಕತ್ತಾಳೆ ಗೆಡ್ಡೆ ಬೇಯಿಸಿ ತಿಂದರು, ಹುಣಸೆ ಬೀಜ ಹುರಿದು ಕುಟ್ಟಿದರು, ಸೊಪ್ಪು ಸದೆ ತಿಂದರು. ಒಂದು ಸಂಗತಿ ಮಾತ್ರ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದು ಸಾವಿನ ಕತೆ ಅಲ್ಲ, ಬದುಕಿದ ಕತೆ. 1864ರಲ್ಲಿ ಉತ್ತರ ಕನ್ನಡದ ಸೂಪಾ ಕಾಡಿನಲ್ಲಿ ಬಿದಿರು ಹೂ ಬಿಟ್ಟಿತು. ಬಿದಿರು ಹೂ ಬಿಡುವುದು ಹತ್ತಾರು ವರ್ಷಕ್ಕೊಮ್ಮೆ. ಬಿಟ್ಟರೆ ಬರ ಬರುತ್ತದೆ ಅಂತ ಜನ ಹೆದರುವುದುಂಟು. ಆದರೆ ಹೆದರಿ ಕೂರಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಸುಮಾರು 50,000 ಜನ ಬಿದಿರಕ್ಕಿ ಆರಿಸೋದಕ್ಕೆ ಕಾಡಿಗೆ ಬಂದರು ಅಂತ ಆಗಿನ ಕಲೆಕ್ಟರು ಬರೆದಿಟ್ಟಿದ್ದಾನೆ. ಒಂದೊಂದು ಗುಂಪು ಹತ್ತು ಹದಿನಾಲ್ಕು ದಿನ ಅಲ್ಲೇ ಬಿಡಾರ ಹೂಡಿ, ಮಳೆಗಾಲ ಕಳೆಯುವಷ್ಟು ತಮಗೆ ಇಟ್ಟುಕೊಂಡು, ಮಿಕ್ಕದ್ದನ್ನು ಮಾರುವುದಕ್ಕೂ ಕೊಂಡೊಯ್ದಿತು. ಬಯಲುಸೀಮೆಯವನಿಗೆ ಮಲೆನಾಡಿನ ಕಾಡು ಒಂದು ದೊಡ್ಡ ಹಗೇವಾಗಿತ್ತು. ಹೋಗಿ ಬರುವ ದಾರಿ ಗೊತ್ತಿತ್ತು, ಯಾವಾಗ ಏನು ಸಿಗುತ್ತದೆಂದು ಗೊತ್ತಿತ್ತು. ಕಾಡಿಗೆ ಬೇಲಿ, ಕಾನೂನು, ಗಾರ್ಡು ಬಂದ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಹೀಗೆ ಹಗೇವು, ಅಕ್ಕಡಿ, ಕಾಡು ಎಲ್ಲ ಇತ್ತು. ಹಾಗಾದರೆ 1876ರಲ್ಲಿ ಇಷ್ಟೊಂದು ಜನ ಯಾಕೆ ಸತ್ತರು?

ಇದೇ ಇವತ್ತಿನ ಮುಖ್ಯ ಮಾತು. ಬರ ಬರುವುದಕ್ಕೆ ಮುಂಚೆಯೇ ರೈತ ಖಾಲಿಯಾಗಿದ್ದ. ಅವನನ್ನು ಖಾಲಿ ಮಾಡಿದ್ದು ಬಿಸಿಲಲ್ಲ.

1861ರಲ್ಲಿ ಅಮೆರಿಕಾದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಆಗ ಅವರ ಕಣ್ಣು ಬಿದ್ದದ್ದು ನಮ್ಮ ಧಾರವಾಡ, ಗದಗ, ಹುಬ್ಬಳ್ಳಿ ಕಡೆಯ ಕರಿನೆಲದ ಮೇಲೆ, ಮಹಾರಾಷ್ಟ್ರದ ಮತ್ತು ಗುಜರಾತಿನ ಹೊಲಗಳ ಮೇಲೆ. ಹತ್ತಿಯ ಬೆಲೆ ಮುಗಿಲಿಗೆ ಹೋಯಿತು. ಸಾಹುಕಾರರು ಮನೆ ಬಾಗಿಲಿಗೆ ಬಂದು ಸಾಲ ಕೊಟ್ಟರು. ರೈತ ಜೋಳ ಬಿಟ್ಟು ಹತ್ತಿ ಹಾಕಿದ. ತಪ್ಪೇನೂ ಇಲ್ಲ, ಬೆಲೆ ಬಂದಾಗ ಬೆಳೆಯದವನು ಯಾರು? ಆದರೆ 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು. ಸಾಲ ಕುಸಿಯಲಿಲ್ಲ. ಅದರ ಮೇಲೆ ಪುಣೆಯ ಕಡೆ 1867ರಿಂದ ಹೊಸ ಕಂದಾಯದ ಜಮಾಬಂದಿ ಶುರುವಾಗಿ, ಕಂದಾಯವನ್ನು ವಿಪರೀತ ಏರಿಸಿದರು. ಬೆಲೆ ಏರಿದ್ದಾಗ ನೋಡಿದ ಕಣ್ಣಿನಿಂದ, ಬೆಲೆ ಇಳಿದಾಗ ಕಂದಾಯ ಕಟ್ಟಿದರು. ಇದು ಯಾವ ಕಾಲದಲ್ಲೂ ಸರ್ಕಾರದ ಕಣ್ಣಿನ ಗುಣ.

ಇನ್ನು ಸಾಲದ ಪತ್ರ. 1859ರಲ್ಲಿ ಒಂದು ಕಾಯಿದೆ ಬಂತು. ಸಾಲದ ಪತ್ರಕ್ಕೆ ಮೂರು ವರ್ಷದ ಅವಧಿ, ಆಮೇಲೆ ಅದು ನಡೆಯದು ಅಂತ. ಹೊರಗಿನಿಂದ ನೋಡಿದರೆ ರೈತನಿಗೆ ಒಳ್ಳೆಯದೇ. ಆದದ್ದೇನು? ಮೂರು ವರ್ಷ ತುಂಬುವ ಹೊತ್ತಿಗೆ ಸಾಹುಕಾರ ಬಡ್ಡಿಯನ್ನೆಲ್ಲ ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಲೆಕ್ಕ ಹಾಕಿ ನೋಡಿ. ನೂರು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಮೂರು ವರ್ಷಕ್ಕೆ 172. ಹೊಸ ಪತ್ರ. ಆರನೇ ವರ್ಷಕ್ಕೆ 296. ಮತ್ತೆ ಹೊಸ ಪತ್ರ. ಒಂಬತ್ತನೇ ವರ್ಷಕ್ಕೆ 509. ಒಂದೇ ಪತ್ರ ಇದ್ದು ಬರೀ ಬಡ್ಡಿ ಎಣಿಸಿದ್ದರೆ ಒಂಬತ್ತು ವರ್ಷಕ್ಕೆ 316 ಆಗುತ್ತಿತ್ತು. ನಡುವಿನ 193 ರೂಪಾಯಿ ಯಾವ ಮಳೆಯ ತಪ್ಪು? ಯಾವ ಗ್ರಹದ ತಪ್ಪು? ಅದು ಬರೀ ಕಾಗದ ಬದಲಿಸಿದ್ದರ ಬೆಲೆ.

ಸಾಲಗಾರನಾದ ರೈತ ಹಗೇವು ತುಂಬಲಾರ. ಕಣದಿಂದಲೇ ಕಾಳು ಸಾಹುಕಾರನ ಉಗ್ರಾಣಕ್ಕೆ ಹೋಗುತ್ತದೆ. ಸುಗ್ಗಿಯಲ್ಲಿ ಅಗ್ಗಕ್ಕೆ ಕೊಟ್ಟು, ಆಷಾಢದಲ್ಲಿ ಅದೇ ಕಾಳನ್ನು ತುಟ್ಟಿಗೆ, ಅದೂ ಸಾಲವಾಗಿ ತರಬೇಕು. ಕಾಳು ಊರಲ್ಲೇ ಇದೆ, ಆದರೆ ಹಗೇವು ಬದಲಾಗಿದೆ. ಬರ ಬರುವ ಮುಂಚೆಯೇ ಕಾಯುವ ಬಲ ರೈತನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿತ್ತು ಅಂದರೆ ಇದೇ.

ಆಗ ಜನ ಸುಮ್ಮನಿದ್ದರೇ? ಇಲ್ಲ. 1874ರ ಕೊನೆಯಲ್ಲಿ ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಕರಡೆ ಎಂಬ ಹಳ್ಳಿಯಲ್ಲಿ, ಕೋರ್ಟಿನ ಡಿಕ್ರಿ ತಂದು ಮನೆ ಹೊಲ ಬಿಡಿಸಲು ಬಂದ ಸಾಹುಕಾರನಿಗೆ ಊರವರು ಬಹಿಷ್ಕಾರ ಹಾಕಿದರು. ಕ್ಷೌರದವನು ಹೋಗಲಿಲ್ಲ, ನೀರಿನವನು ಹೋಗಲಿಲ್ಲ, ಮನೆಗೆಲಸದವರು ಹೋಗಲಿಲ್ಲ. ಯಾರೂ ಕೈ ಎತ್ತಲಿಲ್ಲ, ಕೈ ಕಟ್ಟಿಕೊಂಡರು ಅಷ್ಟೆ. ಇದು ಊರಿಂದೂರಿಗೆ ಹಬ್ಬಿತು. 1875ರ ಮೇ 12ರಂದು ಸೂಪೆ ಎಂಬ ಸಂತೆಯೂರಿನಲ್ಲಿ ಸಹನೆ ಕಟ್ಟೆಯೊಡೆಯಿತು. ನಮ್ಮ ಸೂಪಾ ಅಲ್ಲ, ಪುಣೆ ಜಿಲ್ಲೆಯ ಸೂಪೆ. ಸುತ್ತಲ ಹಳ್ಳಿಗಳ ರೈತರು ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಪುಣೆ, ಅಹಮದ್‌ನಗರ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಇದೇ ನಡೆಯಿತು. ಬಹುತೇಕ ಕಡೆ ಅವರು ಕೇಳಿದ್ದು ಪ್ರಾಣವನ್ನಲ್ಲ, ಪತ್ರವನ್ನು. ಪತ್ರ ಕೊಟ್ಟವನನ್ನು ಬಿಟ್ಟರು, ಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಲೂಟಿಯೂ ಆಯಿತು, ಕೆಲವೆಡೆ ಹೊಡೆತವೂ ಆಯಿತು, ಅದನ್ನು ಮುಚ್ಚಿಡಬಾರದು. ದಂಡು ಬಂತು. ಸಾವಿರದ ಹತ್ತಿರ ಜನರನ್ನು ಹಿಡಿದರು, ಅರ್ಧಕ್ಕೂ ಮಿಕ್ಕಿ ಜನರಿಗೆ ಶಿಕ್ಷೆಯಾಯಿತು.

ಇದಾದ ಮರುವರ್ಷವೇ ಧಾತು ಸಂವತ್ಸರದ ಬರ.

ಬರದ ಸುದ್ದಿ ಹಬ್ಬುತ್ತಿದ್ದಂತೆ ಕಾಳು ಸಂತೆಯಿಂದ ಮಾಯವಾಯಿತು. ನಾಳೆ ಇನ್ನೂ ಏರುತ್ತದೆ ಅಂತ ಇದ್ದವನು ಬಚ್ಚಿಟ್ಟ. ನಾಳೆ ಸಿಗುವುದಿಲ್ಲ ಅಂತ ಕೊಳ್ಳುವವನು ಮುಗಿಬಿದ್ದ. ರೈಲು ಬಂದಿತ್ತು. ಮದ್ರಾಸಿನಿಂದ ಬಳ್ಳಾರಿ ಸೀಮೆಯನ್ನು ಹಾದು ರಾಯಚೂರಿನವರೆಗೆ 1871ರಲ್ಲೇ ಹಳಿ ಹಾಕಿದ್ದರು. ರೈಲು ಕಾಳು ತಂದಿತು, ನಿಜ. ಆದರೆ ಕೊಳ್ಳುವ ಶಕ್ತಿ ಇದ್ದ ಕಡೆಗೆ ಕಾಳನ್ನು ಒಯ್ದದ್ದೂ ಅದೇ ರೈಲು. ಮಳೆ ಬಿದ್ದ ಊರಲ್ಲೂ ಬರದ ಬೆಲೆ ಬಂತು. ಬೆಲೆಗೆ ಕೈಹಾಕಬಾರದು, ವ್ಯಾಪಾರ ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ ಎಂಬುದು ವೈಸರಾಯ್ ಲಿಟ್ಟನ್ನನ ವಾದ. ಆತ 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸಿದ. ಜನ ಹಸಿವಿನಿಂದ ಸಾಯುತ್ತಿದ್ದ 1877-78ರ ಕಾಲದಲ್ಲೇ ಈ ದೇಶದಿಂದ ಮೂರು ಲಕ್ಷ ಟನ್ನಿಗೂ ಹೆಚ್ಚು ಗೋಧಿ ಹಡಗು ಹತ್ತಿತು.

ನಮ್ಮ ಜನ ಕೈಯಲ್ಲಿದ್ದದ್ದನ್ನು ಒಂದೊಂದಾಗಿ ಕಳೆದರು. ಮೊದಲು ಹೆಂಗಸರ ಬೆಳ್ಳಿ ಒಡವೆ ಹೋಯಿತು. ಆ ವರ್ಷಗಳಲ್ಲಿ ಮುಂಬಯಿಯ ಟಂಕಸಾಲೆಗೆ ಕರಗಿಸಲು ಬಂದ ಒಡವೆಗಳ ರಾಶಿಯೇ ಇದಕ್ಕೆ ಸಾಕ್ಷಿ. ಆಮೇಲೆ ತಾಮ್ರ ಹಿತ್ತಾಳೆ ಪಾತ್ರೆ. ಆಮೇಲೆ ಮೇವಿಲ್ಲದ ದನ. ಕೊನೆಗೆ ಮನೆಯ ಬಾಗಿಲು, ತೊಲೆ, ಜಂತೆ. ಈ ಸಾಲನ್ನು ಗಮನಿಸಿ. ಜನ ದಿಕ್ಕೆಟ್ಟು ಓಡಲಿಲ್ಲ. ಮುಂದಿನ ವರ್ಷದ ಬೇಸಾಯಕ್ಕೆ ಬೇಕಾದ್ದನ್ನು ಕೊನೆಯವರೆಗೂ ಹಿಡಿದುಕೊಂಡರು. ಎತ್ತು ಹೋದರೆ ಉಳುಮೆ ಹೋಯಿತು, ಬೀಜ ತಿಂದರೆ ಮುಂದಿನ ವರ್ಷ ಹೋಯಿತು ಅಂತ ಅವರಿಗೆ ಗೊತ್ತಿತ್ತು. ಹಸಿದ ಹೊಟ್ಟೆಯಲ್ಲೂ ಬೀಜದ ಮಡಕೆ ಮುಟ್ಟದೆ ಇದ್ದ ತಾಯಂದಿರಿಂದಲೇ ನಾವು ಇವತ್ತು ಇಲ್ಲಿ ಕೂತಿದ್ದೇವೆ.

ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ರಸ್ತೆ, ಕೆರೆ, ರೈಲು ದಾರಿ. ಆದರೆ ಖರ್ಚು ಹೆಚ್ಚಾಯಿತೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳಿಸಿದರು. ಈ ಮನುಷ್ಯ 1874ರಲ್ಲಿ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವನು. ದುಂದು ಮಾಡಿದೆ ಅಂತ ಆಗ ಬೈಸಿಕೊಂಡಿದ್ದ. ಬೈಸಿಕೊಂಡ ಅಧಿಕಾರಿ ಮುಂದಿನ ಸಲ ಏನು ಮಾಡುತ್ತಾನೋ ಅದನ್ನೇ ಮಾಡಿದ. ದಿನವಿಡೀ ಕಲ್ಲುಮಣ್ಣು ಹೊರುವವನಿಗೆ ಒಂದು ಪೌಂಡ್ ಕಾಳಿನ ಬೆಲೆ, ಮೇಲೊಂದಿಷ್ಟು ಚಿಲ್ಲರೆ ಅಂತ ಕೂಲಿ ಇಳಿಸಿದ. ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಮನೆ ಹತ್ತಿರದ ಕೆಲಸ ಮುಚ್ಚಿ ದೂರದ ಕ್ಯಾಂಪಿಗೆ ಹೋಗಿ ಅಂದರು.

ಆಗ ನಡೆದದ್ದನ್ನು ನಮ್ಮ ಶಾಲೆಯ ಪುಸ್ತಕಗಳು ಹೇಳುವುದು ಕಡಿಮೆ. 1877ರ ಜನವರಿಯಲ್ಲಿ ಮುಂಬಯಿ ಪ್ರಾಂತ್ಯದ ಬರದ ಜಿಲ್ಲೆಗಳಲ್ಲಿ ಲಕ್ಷದ ಲೆಕ್ಕದಲ್ಲಿ ಜನ ಕೆಲಸ ಬಿಟ್ಟು ಎದ್ದು ಹೋದರು. ಮೂಳೆ ಚರ್ಮ ಆಗಿದ್ದವರು ಮುಷ್ಕರ ಹೂಡಿದರು! ಈ ಕೂಲಿಗೆ ದುಡಿದು ಸಾಯುವುದಕ್ಕಿಂತ ದುಡಿಯದೆ ಸಾಯುತ್ತೇವೆ ಎಂದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಅರ್ಜಿಗಳನ್ನು ಬರೆಯಿತು, ಹಳ್ಳಿಹಳ್ಳಿಯ ಸ್ಥಿತಿಯನ್ನು ವರದಿ ಮಾಡಿತು. ಗಣೇಶ ವಾಸುದೇವ ಜೋಶಿ ಆ ಸಭೆಯ ಮುಖ್ಯಸ್ಥರಲ್ಲೊಬ್ಬರು. ಅತ್ತ ಮದ್ರಾಸಿನಲ್ಲಿ ಆರೋಗ್ಯಾಧಿಕಾರಿ ಕಾರ್ನಿಷ್ ಈ ಕೂಲಿಯಿಂದ ಮನುಷ್ಯ ಬದುಕಲಾರ ಎಂದು ಸರ್ಕಾರದ ಒಳಗಿದ್ದುಕೊಂಡೇ ವಿರೋಧಿಸಿದ. ಮದ್ರಾಸಿನಲ್ಲಿ 1877ರಲ್ಲೇ ಕೂಲಿಯನ್ನು ಏರಿಸಬೇಕಾಯಿತು.

ಬರದ ನಂತರ ಸರ್ಕಾರ ಎರಡು ಕೆಲಸ ಮಾಡಿತು. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಮೇಲೆ ಕ್ಷಾಮ ಸಂಹಿತೆ ಸಿದ್ಧವಾಯಿತು. ಇನ್ನೊಂದು, 1879ರ ದಖನ್ ಕೃಷಿಕರ ಪರಿಹಾರ ಕಾಯಿದೆ. ಅದರ ಮುಖ್ಯ ಅಂಶ ಏನು ಗೊತ್ತೆ? ಕೋರ್ಟು ಪತ್ರದ ಮೇಲಿನ ಮೊತ್ತವನ್ನಷ್ಟೇ ನೋಡಬಾರದು. ಮೊದಲು ಕೊಟ್ಟದ್ದೆಷ್ಟು, ಬಡ್ಡಿ ಸೇರಿಸಿದ್ದೆಷ್ಟು ಎಂದು ಸಾಲದ ಬುಡದವರೆಗೂ ಕೆದಕಿ ಲೆಕ್ಕ ತೆಗೆಯಬೇಕು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವಂತಿಲ್ಲ. ಕಂತು ಮಾಡಿಕೊಡಬಹುದು. ಮೊದಲು ನಾಲ್ಕು ಜಿಲ್ಲೆಗಳಿಗೆ ಬಂದ ಈ ಕಾನೂನು ಮುಂದೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಇದನ್ನು ಯಾರೂ ದಯೆಯಿಂದ ಕೊಡಲಿಲ್ಲ. ಕರಡೆಯವರು ಕೈ ಕಟ್ಟಿಕೊಂಡಿದ್ದರಿಂದ, ಸೂಪೆಯವರು ಜೈಲಿಗೆ ಹೋದದ್ದರಿಂದ ಬಂತು.

ಈಗ ಕಹಿಯಾದ ಒಂದು ಮಾತು ಹೇಳಬೇಕು. ನಾವು ನಾವೇ ಇರುವಾಗ ಹೇಳದಿದ್ದರೆ ಇನ್ನೆಲ್ಲಿ ಹೇಳೋದು? ಕಾಯಿದೆ ಬಂದ ಮೇಲೆ ಹೊರಗಿನ ಸಾಹುಕಾರ ಸಾಲ ಕೊಡಲು ಹಿಂಜರಿದ. ಆ ಜಾಗಕ್ಕೆ ಬಂದವರು ಯಾರು? ಅನೇಕ ಕಡೆ ಊರಿನದೇ ಅನುಕೂಲಸ್ಥ ರೈತರು. ಅದೇ ಬಡ್ಡಿ, ಅದೇ ಪತ್ರ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೈ ಮಾತ್ರ ನಮ್ಮದು. ಇನ್ನೂ ಒಂದು. ಆ ಬರದಲ್ಲಿ ಮೊದಲು ಸತ್ತವರು ಹಗೇವು ಇದ್ದವರಲ್ಲ. ಜಮೀನಿಲ್ಲದ ಕೂಲಿಯವರು, ಮಗ್ಗ ನಿಂತ ನೇಕಾರರು, ತುಂಡು ನೆಲದವರು. ಬೆಳೆ ಇಲ್ಲದಿದ್ದರೆ ಕೊಯ್ಲಿಲ್ಲ, ಕೊಯ್ಲಿಲ್ಲದಿದ್ದರೆ ಕೂಲಿಯಿಲ್ಲ. ನಮ್ಮ ಕಣದಲ್ಲಿ ವರ್ಷವೆಲ್ಲ ದುಡಿದವರಿಗೆ ನಮ್ಮ ಹಗೇವಿನ ಬಾಯಿ ತೆರೆಯಿತೇ? ಕೆಲವು ಊರಲ್ಲಿ ತೆರೆಯಿತು, ಅಂಬಲಿ ಕಾಯಿಸಿ ಹಂಚಿದವರಿದ್ದರು. ಕೆಲವು ಊರಲ್ಲಿ ತೆರೆಯಲಿಲ್ಲ. ಮಳೆ ಬಂದಾಗ ಉಳುವ ಆಳಿಲ್ಲದೆ ಹೊಲ ಬೀಳುಬಿಟ್ಟವರಿಗೆ ಆಮೇಲೆ ಅರ್ಥವಾಯಿತು.

ಬರ ಅಂದರೆ ಕಾಳಿಲ್ಲದಿರುವುದು ಮಾತ್ರವಲ್ಲ, ಕಾಳು ಕೊಳ್ಳುವ ಶಕ್ತಿ ಜನರ ಕೈಯಲ್ಲಿ ಇಲ್ಲದಿರುವುದು ಅಂತ ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕ ಬರೆದು ತೋರಿಸಿದರು. ಅವರು ಮುಖ್ಯವಾಗಿ ತೆಗೆದುಕೊಂಡ ಉದಾಹರಣೆ 1943ರ ಬಂಗಾಳ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದರು, ಅಲ್ಲಿಂದ ಅಕ್ಕಿ ನಿಂತಿತು. ಗಾಬರಿಯಲ್ಲಿ ಇದ್ದವರು ಬಚ್ಚಿಟ್ಟರು, ಬೆಲೆ ಹಾರಿತು, ಕೂಲಿ ಹಾರಲಿಲ್ಲ. ಸರ್ಕಾರವೇ ನೇಮಿಸಿದ ಆಯೋಗದ ಲೆಕ್ಕದಲ್ಲೇ 15 ಲಕ್ಷ ಜನ ಸತ್ತರು, ನಂತರ ಲೆಕ್ಕ ಹಾಕಿದವರು 30 ಲಕ್ಷದ ಹತ್ತಿರ ಎನ್ನುತ್ತಾರೆ. ಪುಸ್ತಕ ಓದದ ನಮ್ಮ ಅಜ್ಜಿಯರಿಗೂ ಈ ಮಾತು ಗೊತ್ತಿತ್ತು: ಸಂತೆಯಲ್ಲಿ ಕಾಳು ತುಂಬಿದ್ದರೇನು, ಸೆರಗಿನ ಗಂಟಿನಲ್ಲಿ ಕಾಸಿಲ್ಲದಿದ್ದರೆ?

ಈಗ ನಮ್ಮ ಕಾಲಕ್ಕೆ ಬರೋಣ. ಗಾಬರಿ ಅಂದಾಗ ನಾವು ಪೇಟೆಯವರು ಅಂಗಡಿಗೆ ಮುಗಿಬೀಳುವುದನ್ನು ಮಾತ್ರ ನೆನೆಯುತ್ತೇವೆ. ಮಾರುವವನ ಗಾಬರಿ ಅಂತ ಇನ್ನೊಂದಿದೆ. 2020ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಹಾಕಿದಾಗ ಎರಡನ್ನೂ ಒಟ್ಟಿಗೆ ಕಂಡೆವು. ಪೇಟೆಯಲ್ಲಿ ಸಾಮಾನು ಸಿಗುವುದಿಲ್ಲ ಅಂತ ಸಾಲು ನಿಂತರು. ಹಳ್ಳಿಯಲ್ಲಿ ಕೊಳ್ಳುವವರಿಲ್ಲ ಅಂತ ಟೊಮೇಟೊ, ದ್ರಾಕ್ಷಿ, ಹೂವು ತಿಪ್ಪೆಗೆ ಸುರಿದೆವು. ಆದರೆ ಮಾರುವವನ ಗಾಬರಿಗೆ ಬೀಗಮುದ್ರೆಯೇ ಬೇಕಾಗಿಲ್ಲ, ಅದು ಪ್ರತಿ ಸುಗ್ಗಿಯಲ್ಲೂ ಬರುತ್ತದೆ. ಎಲ್ಲರ ಕಂತೂ ಒಂದೇ ತಿಂಗಳು, ಎಲ್ಲರ ಚೀಲವೂ ಒಂದೇ ವಾರ ಮಂಡಿಗೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತನ ಕಣ ಖಾಲಿ.

ಅಪ್ಪಿತಪ್ಪಿ ಬೆಲೆ ಬಂದರೆ ಸರ್ಕಾರಕ್ಕೆ ಗಾಬರಿ. 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದರು, ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದರು. ಮರುವರ್ಷ ತೆಗೆದರು, ಆದರೆ ಅಷ್ಟರಲ್ಲಿ ರೈತನ ಮಾಲು ಕೈಬಿಟ್ಟಿತ್ತು. 1877ರಲ್ಲಿ ಜನ ಸಾಯುವಾಗಲೂ ರಫ್ತು ನಿಲ್ಲಿಸಬಾರದು, ಬೆಲೆಗೆ ಕೈಹಾಕಬಾರದು ಅಂದರು. ಈಗ ಬೆಲೆ ಸ್ವಲ್ಪ ಏರಿದರೆ ಕೈಹಾಕುತ್ತಾರೆ, ಬಿದ್ದಾಗ ಮಾತ್ರ ಮಾರುಕಟ್ಟೆಯ ನಿಯಮ ಅನ್ನುತ್ತಾರೆ. ಹಸಿದವರಿಗೆ ಅಗ್ಗದ ಕಾಳು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರ ಖರ್ಚನ್ನು ಬೊಕ್ಕಸ ಹೊರಬೇಕು, ರೈತನ ಬೆನ್ನು ಹೊರಬೇಕಾಗಿಲ್ಲ. ಇದು ನಮ್ಮ ವಾದ.

ಇನ್ನು ಸಾಲ. ಅಂದಿನ ಕಾಯಿದೆಯಾಗಿ ಸುಮಾರು ಒಂದೂವರೆ ಶತಮಾನವಾದ ಮೇಲೆ, 2025ರ ಫೆಬ್ರವರಿಯಲ್ಲಿ, ಸಣ್ಣ ಸಾಲ ಕೊಡುವವರ ವಸೂಲಿ ದಬ್ಬಾಳಿಕೆ ತಡೆಯಲು ಕರ್ನಾಟಕದಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಪತ್ರ ಬದಲಿಸುವ ಆಟ ಇನ್ನೂ ಮುಗಿದಿಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವವನು ಅದೇ ಮೂರು ವರ್ಷದ ಪತ್ರವನ್ನು ಮೂರು ತಿಂಗಳಿಗೊಮ್ಮೆ ಬರೆದುಕೊಡುತ್ತಿದ್ದಾನೆ.

ಹಾಗಾದರೆ ಮಾಡೋದೇನು? ಹಗೇವು ಮತ್ತೆ ತೋಡಿ ಅಂತ ನಾನು ಹೇಳುವುದಿಲ್ಲ. ಹಗೇವಿನ ಕೆಲಸವನ್ನು ಮತ್ತೆ ಹಿಡಿಯಿರಿ ಅಂತ ಹೇಳುತ್ತೇನೆ. ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ.

ಒಂದು, ಮಾರುವ ಮುಂಚೆ ಮನೆಯ ವರ್ಷದ ಊಟ ಮತ್ತು ಬೀಜ ಎತ್ತಿಡಿ. ಎಲ್ಲ ಮಾರಿ ಅಂಗಡಿಯಿಂದ ತರುವ ರೈತ ಎರಡು ಸಲ ಸೋಲುತ್ತಾನೆ. ಪೂರಾ ಹೊಲ ಒಂದೇ ಬೆಳೆಗೆ ಕೊಡಬೇಡಿ, ಅಕ್ಕಡಿಗೆ ನಾಲ್ಕು ಸಾಲು ಬಿಡಿ.

ಎರಡು, ಒಬ್ಬನೇ ಕಾಯಲಾಗದಿದ್ದರೆ ಕೂಡಿ ಕಾಯಿರಿ. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮತ್ತು ಊರವರು ಕೃಷಿ ಪತ್ತಿನ ಸಂಘ ಕಟ್ಟಿದರು. ಹತ್ತಿಯ ಏರಿಳಿತ ಕಂಡಿದ್ದ ಅದೇ ಕರಿನೆಲದ ಸೀಮೆಯಲ್ಲಿ ದೇಶಕ್ಕೇ ಮಾದರಿಯಾದ ಸಂಘ ಹುಟ್ಟಿತು. ಇವತ್ತು ಸಂಘಗಳು ರಾಜಕೀಯದ ಮೆಟ್ಟಿಲಾಗಿವೆ ಅಂತ ದೂರುತ್ತೇವೆ. ಮೆಟ್ಟಿಲಾಗಲು ಬಿಟ್ಟವರು ನಾವೇ ಅಲ್ಲವೇ? ಉಗ್ರಾಣದಲ್ಲಿ ಮಾಲಿಟ್ಟು ರಸೀದಿಯ ಮೇಲೆ ಸಾಲ ಪಡೆಯಲು 2007ರ ಕಾನೂನಿದೆ. ಒಬ್ಬೊಬ್ಬನೇ ಹತ್ತು ಚೀಲ ಹೊತ್ತು ಹೋದರೆ ಅಲ್ಲಿ ಯಾರೂ ಮುಖ ನೋಡುವುದಿಲ್ಲ. ಊರಿನ ಸಂಘವೇ ಸಾವಿರ ಚೀಲ ಕೂಡಿಸಿ ಹೋದರೆ ಮಾತು ಬೇರೆ. ಕಂತಿನ ತಿಂಗಳನ್ನು ಸುಗ್ಗಿಯಿಂದ ಮುಂದಕ್ಕೆ ಹಾಕಿಸಿಕೊಳ್ಳುವುದೂ ಹೋರಾಟದ ಬೇಡಿಕೆಯಾಗಬೇಕು.

ಮೂರು, ಪತ್ರ ಓದಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಅಸಲೆಷ್ಟು, ಬಡ್ಡಿ ಎಷ್ಟು, ಕಟ್ಟಿದ್ದೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓದಿದ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಲೆಕ್ಕ ಅವರ ಕೈಗೆ ಕೊಡಿ. 1879ರಲ್ಲಿ ಕೋರ್ಟು ಮಾಡಿದ ಕೆಲಸವನ್ನು ಪ್ರತಿ ಮನೆಯೂ ಮಾಡಬಹುದು.

ನಾಲ್ಕು, ಊರಿನ ಕೂಲಿಯವರನ್ನು ಬಿಟ್ಟು ರೈತ ಚಳವಳಿ ಇಲ್ಲ. ಬರದ ಕೆಲಸ, ಖಾತರಿ ಕೆಲಸ, ಪಡಿತರ ಎಂದು ಅವರು ಕೇಳುವಾಗ ನಾವು ಜೊತೆ ನಿಲ್ಲಬೇಕು. ನಮ್ಮ ಬೆಲೆಗೆ ನಾವು ಕೂಗುವಾಗ ಅವರೂ ಬರುತ್ತಾರೆ. ಕರಡೆಯಲ್ಲಿ ಬಹಿಷ್ಕಾರ ಗೆದ್ದದ್ದು ಹೊಲದವರಿಂದ ಮಾತ್ರವಲ್ಲ, ನೀರಿನವನೂ ಕ್ಷೌರದವನೂ ಕೈ ಕಟ್ಟಿಕೊಂಡಿದ್ದರಿಂದ. ಇದನ್ನು ಮರೆಯಬೇಡಿ. ಮತ್ತು ಊರಿನೊಳಗೆ ನಾವೇ ಬಡ್ಡಿ ತಿನ್ನುತ್ತಿದ್ದರೆ ಮೊದಲು ಆ ಪತ್ರಗಳನ್ನು ಹೊರಗೆ ತೆಗೆದು ಲೆಕ್ಕ ಸರಿಮಾಡೋಣ. ಸುಡುವುದು ಬೇಡ, ನ್ಯಾಯವಾಗಿ ತೀರಿಸೋಣ.

ಮಳೆ ನಮ್ಮ ಕೈಯಲ್ಲಿಲ್ಲ. ಕಾಯುವ ಬಲ ನಮ್ಮ ಕೈಯಲ್ಲಿತ್ತು, ಕಳೆದುಕೊಂಡೆವು. ಕಳೆದುಕೊಂಡದ್ದನ್ನು ಒಬ್ಬೊಬ್ಬರಾಗಿ ಹುಡುಕಿದರೆ ಸಿಗದು. ಈ ಸುಗ್ಗಿಗೆ ಮುಂಚೆ ನಿಮ್ಮ ಊರಲ್ಲಿ ಒಂದು ಸಂಜೆ ಎಲ್ಲರೂ ಕಟ್ಟೆಯ ಮೇಲೆ ಕೂತು, ಯಾರು ಎಷ್ಟು ದಿನ ಕಾಯಬಲ್ಲರು, ಯಾರಿಗೆ ಕಾಯಲಾಗದು, ಅವರಿಗೆ ಊರು ಏನು ಮಾಡಬಹುದು ಅಂತ ಲೆಕ್ಕ ಹಾಕಿ. ಅಷ್ಟು ಮಾಡಿದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ.